ಗಡಿಯ ಮೇಲಿಟ್ಟ ಗಡಿಗೆ

ಈ ಪತ್ರಿಕೆಯಲ್ಲಿ ಅಡುಗೆಯ ಬಗ್ಗೆ ಬರೆಯುವ ಹಕ್ಕು ತಾಯಂದಿರದು. ಹಾಲು ಉಕ್ಕದಂತೆ ಕಾಯುವುದಕ್ಕಿಂತ ಹೆಚ್ಚಿನ ಪಾಕಶಾಸ್ತ್ರ ನಮಗೆ ತಿಳಿಯದು ಎಂಬುದನ್ನು ನಮ್ಮ ಮನೆಯ ಅಡುಗೆಯವರು ಯಾರು ಕೇಳಿದರೂ ಹೇಳುತ್ತಾರೆ. ಆದರೂ ಈ ತಿಂಗಳು ಒಂದು ಅಡುಗೆಯ ವಿಷಯವನ್ನೇ ಬರೆಯಲು ಕುಳಿತಿದ್ದೇವೆ. ಅದರ ಹೆಸರು ಚೀಸ್ ಫಾಂಡ್ಯು. ಫ್ರೆಂಚ್ ಭಾಷೆಯಲ್ಲಿ 'ಕರಗಿದ್ದು' ಎಂದು ಅರ್ಥ. ಚೀಸನ್ನು ಕರಗಿಸಿ, ಗಡಿಗೆಯನ್ನು ನಡುವೆ ಇಟ್ಟು, ಸುತ್ತ ಕುಳಿತವರೆಲ್ಲ ರೊಟ್ಟಿಯ ತುಣುಕನ್ನು ಅದರಲ್ಲಿ ಅದ್ದಿ ತಿನ್ನುವ ಸ್ವಿಟ್ಜರ್ಲೆಂಡಿನ ಊಟ ಅದು. ನಾವು ಅದನ್ನು ಮೊದಲ ಸಲ ಉಂಡದ್ದು ನಾರಾಯಣಪೇಟೆಯಲ್ಲಿ, ಒಂದು ಮನೆಯ ಅಂಗಳಕ್ಕೆ ಅಡ್ಡ ಹಾಕಿದ ಗೋಡೆಯ ಬಾಗಿಲಲ್ಲಿ ಕುಳಿತು.

ನಾವು ಸೇವೆಯಲ್ಲಿರುವುದು ಕೃಷ್ಣಾ ನದಿಯ ಈಚೆಗೆ, ರಾಯಚೂರಿನ ಕಡೆ. ಸೇತುವೆ ದಾಟಿದರೆ ತೆಲಂಗಾಣ. ಮುಂದೆ ಮಕ್ತಲ್, ಅಲ್ಲಿಂದ ನಾರಾಯಣಪೇಟೆ. ಪೂರ್ವಕ್ಕೆ ಹೋದರೆ ಗದ್ವಾಲ್. 1956ರ ನವೆಂಬರ್ 1ರವರೆಗೆ ಈ ಊರುಗಳೂ ರಾಯಚೂರು, ಕಲಬುರಗಿಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ದಿನ ಗೆರೆ ಎಳೆಯಲಾಯಿತು. ಆದರೆ ಮಾತು ಗೆರೆ ನೋಡಿ ನಿಲ್ಲುವುದಿಲ್ಲವಲ್ಲ! ಇಂದಿಗೂ ಅಲ್ಲಿ ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಮರಾಠಿ ಎಲ್ಲವನ್ನೂ ಆಡಿಕೊಂಡು ಬದುಕುವ ಕುಟುಂಬಗಳಿವೆ. ಅಂಥದೊಂದು ಕುಟುಂಬ ಕನ್ನಡ ಬಲಿಪೂಜೆಗೆಂದು ನದಿ ದಾಟಿ ಬರುತ್ತಿತ್ತು. ಹೀಗೆ ನಮಗೆ ಪರಿಚಯ.

ಆ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು. ಸೀರೆ ವ್ಯಾಪಾರ. ಅಣ್ಣನ ಹೆಂಡತಿ ಗದ್ವಾಲಿನವರು, ತಮ್ಮನ ಹೆಂಡತಿ ಮಕ್ತಲ್‌ನವರು. ತಾಯಿ ತೀರಿಕೊಂಡ ವರ್ಷವೇ ಪಾಲಾಯಿತು. ಅಂಗಳದ ನಡುವೆ ಆಳೆತ್ತರದ ಗೋಡೆ ಎದ್ದಿತು. ಹಿರಿಯರ ಮಾತಿಗೆ ಗೌರವ ಕೊಟ್ಟು ಗೋಡೆಗೆ ಒಂದು ಬಾಗಿಲನ್ನೇನೋ ಇಟ್ಟರು. ಆದರೆ ಅದಕ್ಕೆ ಎರಡೂ ಕಡೆಯಿಂದ ಚಿಲಕ.

ಜಗಳ ಆಸ್ತಿಯದು. ಅಂಥ ಜಗಳ ಎಲ್ಲಿಲ್ಲ? ಆದರೆ ಗಾಯ ಮಾಡಿದ್ದು ಒಂದು ಮಾತು. ಗದ್ವಾಲಿನ ಸೊಸೆ ಮೆನ್ನೊನೈಟ್ ಬ್ರೆದರೆನ್ ಸಭೆಯ ಮನೆತನದವರು. 1899ರಲ್ಲಿ ಅಮೆರಿಕದಿಂದ ಹೈದರಾಬಾದ್ ಸಂಸ್ಥಾನಕ್ಕೆ ಬಂದ ಮಿಷನರಿಗಳಿಂದ ಬೆಳೆದ ಸಭೆ ಅದು. ಆ ಭಾಗದಲ್ಲಿ ಅದರ ವಿಶ್ವಾಸಿಗಳು ಬಹಳ ಮಂದಿ. ಅತ್ತೆಯ ಮಣ್ಣಿನ ದಿನ ಯಾರೋ ಆಕೆಗೆ, 'ನೀನು ಬ್ಯಾರೆ ಸಭೆದಾಕಿ, ನಿನಗೇನ್ ಗೊತ್ತು?' ಎಂದರಂತೆ. ಆಸ್ತಿಯ ಮಾತು ಎಂದೋ ಮರೆಯುತ್ತಿತ್ತು, ಈ ಮಾತು ಮರೆಯಲಿಲ್ಲ.

ಇಲ್ಲಿ ನಮ್ಮದೂ ಒಂದು ತಪ್ಪೊಪ್ಪಿಗೆಯಿದೆ. ಐದು ವರ್ಷ ಆ ಮನೆಗೆ ಹೋಗಿಬಂದಿದ್ದೇವೆ. ಅಣ್ಣನ ಕಡೆ ಕುಳಿತು ಕ್ಷೇಮ ವಿಚಾರಿಸಿ, ಪ್ರಾರ್ಥಿಸಿ, ಊಟಕ್ಕೆ ಮಾತ್ರ ತಪ್ಪದೆ ತಮ್ಮನ ಕಡೆಗೆ ಹೋಗುತ್ತಿದ್ದೆವು. ನಮ್ಮ ಸಭೆಯ ಅಡುಗೆಮನೆ ಅದು ಎಂಬ ಲೆಕ್ಕ. ಅದು ಸಹಜವೆಂದೇ ನಂಬಿದ್ದೆವು.

ಕಳೆದ ಜನವರಿಯಲ್ಲಿ ಆ ಅಣ್ಣತಮ್ಮಂದಿರ ಸೋದರತ್ತೆ ರಜೆಗೆ ಬಂದರು. ಅವರು ಧರ್ಮಭಗಿನಿ, ಹಲವು ವರ್ಷಗಳಿಂದ ಸ್ವಿಟ್ಜರ್ಲೆಂಡಿನ ತ್ಸೂಗ್ ಪ್ರಾಂತ್ಯದಲ್ಲಿದ್ದಾರೆ. ಮಕ್ಕಳಿಗೆಲ್ಲ ಅವರು 'ಸಿಸ್ಟರ್ ಅಜ್ಜಿ'. ಪೆಟ್ಟಿಗೆಯಲ್ಲಿ 800 ಗ್ರಾಂ ಗ್ರುಯೇರ್ ಚೀಸು, ಹಿಡಿಯ ತುದಿಗೆ ಬೇರೆ ಬೇರೆ ಬಣ್ಣ ಬಳಿದ ಆರು ಉದ್ದನೆಯ ಫೋರ್ಕು ತಂದಿದ್ದರು. ಬಣ್ಣವೇಕೆಂದರೆ ಯಾರ ಫೋರ್ಕು ಯಾರದೆಂದು ಗುರುತು ತಪ್ಪದಿರಲಿ ಎಂದು. ನಮಗೂ ಬರಹೇಳಿದರು.

ನಾವು ಹೋಗುವಷ್ಟರಲ್ಲಿ ಸಿಸ್ಟರ್ ಕೆಲಸ ಹಂಚಿಯಾಗಿತ್ತು. ಬ್ರೆಡ್ಡು ಗದ್ವಾಲಿನ ಸೊಸೆಯ ಪಾಲು. ಗಡಿಗೆ, ಇದ್ದಲು, ಬೆಳ್ಳುಳ್ಳಿ, ನಿಂಬೆಹಣ್ಣು ಮಕ್ತಲ್ ಸೊಸೆಯ ಪಾಲು. ಚೀಸು ತಮ್ಮದು. ಒಬ್ಬರದಿಲ್ಲದೆ ಇನ್ನೊಬ್ಬರು ಉಣ್ಣುವಂತಿಲ್ಲ. ಅಗ್ಗಿಷ್ಟಿಕೆ ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಸಿಸ್ಟರ್ ಎರಡೂ ಚಿಲಕ ತೆಗೆಸಿ, 'ನಿಮ್ಮ ಕಡಿನೂ ಬ್ಯಾಡ, ಅವರ ಕಡಿನೂ ಬ್ಯಾಡ. ಬಾಗಿಲದಾಗ ಇಡ್ರಿ, ಗಾಳಿ ಚಲೋ ಆಡ್ತದ' ಎಂದರು. ಗಾಳಿಗಾಗಿಯೇ ಹೇಳಿದರೋ ಏನೋ, ಅವರ ಮುಖದಲ್ಲಿ ಏನೂ ತೋರಲಿಲ್ಲ.

ಗಡಿಗೆ ತೀರಿಕೊಂಡ ತಾಯಿ ಹಾಲು ಕಾಯಿಸುತ್ತಿದ್ದ ಮಣ್ಣಿನ ಗಡಿಗೆ. ಪಾಲಿನಲ್ಲಿ ತಮ್ಮನ ಕಡೆಗೆ ಬಂದಿತ್ತು. ಅಣ್ಣ ಅದನ್ನು ನೋಡಿ ಸುಮ್ಮನಾದರು.

ಸಿಸ್ಟರ್ ಗಡಿಗೆಯ ಒಳಮೈಗೆ ಸೀಳಿದ ಬೆಳ್ಳುಳ್ಳಿಯನ್ನು ಚೆನ್ನಾಗಿ ಉಜ್ಜಿದರು. ಸ್ವಿಟ್ಜರ್ಲೆಂಡಿನಲ್ಲಾದರೆ ಮುಂದೆ ಬಿಳಿಯ ದ್ರಾಕ್ಷಾರಸ ಸುರಿಯುತ್ತಾರೆ. 'ಫಾದರ್, ಪೂಜೆದ್ದು ಸ್ವಲ್ಪ ತಂದಿದ್ರ ಆಗ್ತಿತ್ತು' ಎಂದು ಹಿರಿಯ ಹುಡುಗ ನಕ್ಕ. ಅದು ಅಡುಗೆಗಿರುವುದಲ್ಲ ಎಂದು ನಾವು ಹೇಳುವಷ್ಟರಲ್ಲಿ ಸಿಸ್ಟರ್ ನೀರು ಹಾಕಿ, ಎರಡು ನಿಂಬೆಹಣ್ಣು ಹಿಂಡಿಯಾಗಿತ್ತು. ಗದ್ವಾಲಿನ ಸೊಸೆಯ ಮನೆತನದಲ್ಲಿ ಮದ್ಯವನ್ನು ಅಡುಗೆಗೂ ಮುಟ್ಟುವುದಿಲ್ಲ. ಯಾರೂ ಅದನ್ನು ಎತ್ತಿ ಆಡಲಿಲ್ಲ. ಆದರೆ ಆಕೆ ನಿಂಬೆಹಣ್ಣನ್ನು ನೋಡಿದ ರೀತಿ ನಮಗೆ ನೆನಪಿದೆ.

ನೀರು ಬಿಸಿಯಾದ ಮೇಲೆ ತುರಿದ ಚೀಸನ್ನು ಹಿಡಿಹಿಡಿಯಾಗಿ ಹಾಕಬೇಕು. ಒಂದು ಹಿಡಿ ಕರಗಿದ ಮೇಲೆ ಮತ್ತೊಂದು. ಸೌಟನ್ನು ದುಂಡಗೆ ತಿರುಗಿಸದೆ, ಇಂಗ್ಲಿಷಿನ 8ರ ಆಕಾರದಲ್ಲಿ ಆಡಿಸಬೇಕು. ಹಾಗೆ ಮಾಡಿದರೆ ಗಡಿಗೆಯ ನಡುವಿನದೂ ಅಂಚಿನದೂ ಸಮನಾಗಿ ಬೆರೆಯುತ್ತದೆ. ಮುಖ್ಯವಾಗಿ ಉರಿ ಸಣ್ಣಗಿರಬೇಕು, ಕುದಿಯಬಾರದು. ಇದನ್ನು ಸಿಸ್ಟರ್ ಹೇಳುತ್ತಿರುವಾಗಲೇ ತಮ್ಮ ಉತ್ಸಾಹದಿಂದ ಬೀಸಣಿಗೆ ಹಿಡಿದು ಇದ್ದಲಿಗೆ ಗಾಳಿ ಹಾಕಿದರು. ಎರಡೇ ನಿಮಿಷ! ಚೀಸೆಲ್ಲ ರಬ್ಬರಿನ ಮುದ್ದೆಯಂತಾಗಿ ತಳಕ್ಕೆ ಕುಳಿತಿತು, ಮೇಲೆ ಎಣ್ಣೆ ತೇಲಿತು.

'ಅಯ್ಯೋ, ಒಡೀತು!' ಎಂದರು ಮಕ್ತಲ್ ಸೊಸೆ.

ಹಾಲು ಒಡೆಯಿತು ಎನ್ನುತ್ತೇವೆ, ಮನೆ ಒಡೆಯಿತು ಎನ್ನುತ್ತೇವೆ. ಒಂದೇ ಮಾತು. ಕ್ಷಣಹೊತ್ತು ಯಾರೂ ಉಸಿರೆತ್ತಲಿಲ್ಲ. ಸಿಸ್ಟರ್ ಮಾತ್ರ ಗಾಬರಿಯಾಗಲಿಲ್ಲ. 'ಒಡದದ್ದು ಹಾಲಾಗಿದ್ರ ಕೂಡಸಾಕ ಆಗ್ತಿರಲಿಲ್ಲ. ಚೀಸ್ ಐತಿ, ಕೂಡಸಬಹುದು' ಎನ್ನುತ್ತಾ ಗಡಿಗೆಯನ್ನು ಕೆಳಗಿಳಿಸಿ ಕೆಂಡಕ್ಕೆ ಬೂದಿ ಮುಚ್ಚಿಸಿದರು. ಎರಡು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕಲಸಿ, ಮತ್ತಷ್ಟು ನಿಂಬೆರಸ ಸೇರಿಸಿ ಸುರಿದರು. ಗಡಿಗೆ ಮತ್ತೆ ಒಲೆಗೇರಿತು. ಸೌಟು ಗದ್ವಾಲಿನ ಸೊಸೆಯ ಕೈಗೆ ಹೋಯಿತು. ಕೈ ಸೋತಾಗ ಮಕ್ತಲ್ ಸೊಸೆಗೆ. ಹತ್ತು ನಿಮಿಷದಲ್ಲಿ ಎಣ್ಣೆ ಒಳಗೆ ಸೇರಿಕೊಂಡು, ಮುದ್ದೆ ಸಡಿಲವಾಗಿ, ಗಟ್ಟಿ ಹಾಲುಕೆನೆಯ ಬಣ್ಣದ ಪಾಕ ಸಿದ್ಧವಾಯಿತು. ಮೇಲೆ ಕಾಳುಮೆಣಸು, ಚಿಟಿಕೆ ಜಾಯಿಕಾಯಿ ಪುಡಿ.

ಇದು ಪವಾಡವೇನಲ್ಲ. ಚೀಸೆಂದರೆ ಹಾಲಿನ ಪ್ರೋಟೀನಿನ ಒಂದು ಬಲೆ. ಬಲೆಯ ಗಂಟುಗಳನ್ನು ಹಿಡಿದಿರುವುದು ಕ್ಯಾಲ್ಸಿಯಂ. ಬಲೆಯೊಳಗೆ ಜಿಡ್ಡು ಮತ್ತು ನೀರು ಅಡಗಿರುತ್ತವೆ. ಉರಿ ಹೆಚ್ಚಾದರೆ ಬಲೆ ಬಿಗಿದುಕೊಂಡು ಜಿಡ್ಡನ್ನು ಹೊರಗೆ ತಳ್ಳುತ್ತದೆ. ದ್ರಾಕ್ಷಾರಸದ ಅಥವಾ ನಿಂಬೆಯ ಹುಳಿ ಆ ಕ್ಯಾಲ್ಸಿಯಮ್ಮನ್ನು ತನ್ನತ್ತ ಎಳೆದುಕೊಂಡು ಗಂಟನ್ನು ಸಡಿಲಿಸುತ್ತದೆ. ಹಿಟ್ಟು ನಡುವೆ ನಿಂತು ಕಣಗಳು ಮತ್ತೆ ಒಂದಕ್ಕೊಂದು ಮೆತ್ತಿಕೊಳ್ಳದಂತೆ ತಡೆಯುತ್ತದೆ. ಉಳಿದದ್ದು ತಾಳ್ಮೆಯಿಂದ ಸೌಟಾಡಿಸುವ ಕೆಲಸ.

ಸೌಟು ಆಡುತ್ತಿದ್ದಾಗ ಸಿಸ್ಟರ್ ಮಕ್ಕಳಿಗೆ ಒಂದು ಅಂಚೆ ಕಾರ್ಡು ತೋರಿಸಿದರು. ಸೈನಿಕರು ನೆಲದ ಮೇಲಿಟ್ಟ ಒಂದು ದೊಡ್ಡ ಪಾತ್ರೆಯ ಸುತ್ತ ನೆರೆದು ಚಮಚದಿಂದ ಉಣ್ಣುತ್ತಿರುವ ಚಿತ್ರ. 1869ರಲ್ಲಿ ಆಲ್ಬರ್ಟ್ ಆಂಕರ್ ಎಂಬ ಸ್ವಿಸ್ ಕಲಾವಿದ ಬರೆದದ್ದು. ಅದರ ಹಿಂದಿನ ಘಟನೆ 1529ರ ಜೂನ್ ತಿಂಗಳದು. ಧರ್ಮಸಭೆ ಒಡೆದಿದ್ದ ಕಾಲ. ಜ್ವಿಂಗ್ಲಿಯ ಬೋಧನೆಯನ್ನು ಒಪ್ಪಿದ ಜ್ಯೂರಿಚ್ ಒಂದು ಕಡೆ, ತ್ಸೂಗ್ ಮೊದಲಾದ ಐದು ಕಥೋಲಿಕ ಪ್ರಾಂತ್ಯಗಳು ಇನ್ನೊಂದು ಕಡೆ. ಎರಡೂ ಸೇನೆಗಳು ಕಾಪೆಲ್ ಎಂಬಲ್ಲಿ, ಗಡಿಯಲ್ಲಿ ಎದುರುಬದುರಾದವು. ನಾಯಕರು ಮಾತುಕತೆಗೆ ಕುಳಿತಿದ್ದಾಗ ಸೈನಿಕರಿಗೆ ಹಸಿವಾಯಿತು. ಜ್ಯೂರಿಚಿನವರ ಬಳಿ ರೊಟ್ಟಿ ಇತ್ತು, ತ್ಸೂಗಿನ ಕಡೆಯವರ ಬಳಿ ಹಾಲಿತ್ತು. ಸರಿಯಾಗಿ ಗಡಿಯ ಮೇಲೆ ಒಂದು ಪಾತ್ರೆ ಇಟ್ಟು, ಹಾಲಿಗೆ ರೊಟ್ಟಿ ಮುರಿದು ಹಾಕಿ ಎಲ್ಲರೂ ಉಂಡರು. ಯಾರಾದರೂ ಆಚೆ ಕಡೆಗೆ ಚಮಚ ಚಾಚಿದರೆ 'ನಿನ್ನ ನೆಲದ್ದನ್ನು ತಿನ್ನು' ಎಂದು ತಮಾಷೆಗೆ ಚಮಚದಿಂದಲೇ ಕೈಗೆ ಬಡಿಯುತ್ತಿದ್ದರಂತೆ. ಆ ತಿಂಗಳೇ ಒಪ್ಪಂದವಾಯಿತು. ಯುದ್ಧ ನಿಂತಿತು.

ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆ ಓದುವಾಗ ಕಾಪೆಲ್ ಯುದ್ಧದ ಹೆಸರು ಓದಿದ್ದೆವು, ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡಿದ್ದೆವು. ಈ ಹಾಲಿನ ಪಾತ್ರೆಯ ವಿಷಯ ನೆನಪಿನಲ್ಲಿ ಉಳಿದಿರಲಿಲ್ಲ. ಆಗ ಇನ್ನೊಂದು ಇಸವಿಯೂ ನೆನಪಾಯಿತು. ಅದೇ ಜ್ಯೂರಿಚಿನಲ್ಲಿ 1525ರಲ್ಲಿ, ಬುದ್ಧಿ ಬಂದ ಮೇಲೆಯೇ ಸ್ನಾನದೀಕ್ಷೆ ಎಂದು ನಂಬಿದ ಒಂದು ಗುಂಪು ಹುಟ್ಟಿತು. ಕಥೋಲಿಕರೂ ಅವರನ್ನು ಹಿಂಸಿಸಿದರು, ಜ್ವಿಂಗ್ಲಿಯ ಕಡೆಯವರೂ ಹಿಂಸಿಸಿದರು. ಮೆನ್ನೊನೈಟರ ಬೇರು ಅಲ್ಲಿದೆ. ಹಾಲೆಂಡ್, ರಷ್ಯ, ಅಮೆರಿಕ ಎಂದು ಅಲೆದ ಆ ವಿಶ್ವಾಸ ಕೊನೆಗೆ ಗದ್ವಾಲಿಗೂ ಬಂದಿತು. ಕಾಪೆಲ್‌ನ ಆ ಪಾತ್ರೆಯ ಸುತ್ತ ಆ ಗುಂಪಿನವರಿಗೆ ಮಾತ್ರ ಜಾಗವಿರಲಿಲ್ಲ. ಅಂಥವರ ಮೊಮ್ಮಗಳು ಎನ್ನಬಹುದಾದಾಕೆ ಇಂದು ನಮ್ಮೆದುರಿಗೆ ಕುಳಿತು ಬ್ರೆಡ್ಡು ಹಂಚುತ್ತಿದ್ದಾರೆ! ಈ ಮಾತನ್ನು ಹೇಳಿದಾಗ ಗದ್ವಾಲಿನ ಸೊಸೆ ಕೈಯಲ್ಲಿದ್ದ ತುಣುಕನ್ನು ಹಾಗೇ ಹಿಡಿದು, 'ನಮ್ಮ ಸಭಿ ಅಷ್ಟು ದೂರದಿಂದ ಬಂದದೇನ್ರಿ?' ಎಂದು ಕೇಳಿದರು.

ಬ್ರೆಡ್ಡಿನ ವಿಷಯದಲ್ಲಿ ಆಕೆ ಜಾಣರು. ಬೇಕರಿಯ ಹೊಸ ಬ್ರೆಡ್ಡು ಮೆತ್ತಗಿದ್ದು ಬಿಸಿ ಚೀಸಿನಲ್ಲಿ ಹರಿದು ಬೀಳುತ್ತದೆಂದು ಹಿಂದಿನ ದಿನದ ಪಾವನ್ನು ತುಂಡು ಮಾಡಿ ಹಂಚಿನ ಮೇಲೆ ಬಿಸಿ ಮಾಡಿ ತಂದಿದ್ದರು. ಜೊತೆಗೆ ಒಂದು ಕಟ್ಟು ಖಡಕ್ ಜೋಳದ ರೊಟ್ಟಿ. ಮೊದಲ ತುತ್ತಿಗೆ ಮಕ್ಕಳು ಮೂಗು ಮುಚ್ಚಿಕೊಂಡರು. ನಿಜ ಹೇಳಬೇಕೆಂದರೆ ನಮಗೂ ಆ ವಾಸನೆ ಮೊದಲು ಒಗ್ಗಲಿಲ್ಲ. ಮೂರನೆಯ ತುತ್ತಿಗೆ ರುಚಿ ಹತ್ತಿತು. ಖಡಕ್ ರೊಟ್ಟಿಯ ಚೂರಿನಿಂದ ಚೀಸನ್ನು ಬಾಚಿ, ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡು ತಿಂದ ತಮ್ಮನ ರೀತಿಯೇ ಕೊನೆಗೆ ಎಲ್ಲರಿಗೂ ಮೇಲೆನಿಸಿತು.

ಗಡಿಗೆಯಲ್ಲಿ ಬ್ರೆಡ್ಡು ಬೀಳಿಸಿದವರು ದಂಡ ತೆರಬೇಕೆಂಬುದು ಸ್ವಿಸ್ ರೂಢಿ. ಇಲ್ಲಿ ದಂಡವೆಂದರೆ ಒಂದು ಹಾಡು. ಬೀಳಿಸಿದವರು ಅಣ್ಣ. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತರು. ಆಮೇಲೆ ತಾಯಿ ಬೀಸುಕಲ್ಲಿನ ಮುಂದೆ ಹೇಳುತ್ತಿದ್ದ ಒಂದು ಪದವನ್ನು ಮೆಲ್ಲಗೆ ಎತ್ತಿಕೊಂಡರು. ಎರಡನೆಯ ನುಡಿಗೆ ಅವರಿಗೆ ಸಾಲು ಮರೆಯಿತು. ಗೋಡೆಯ ಆ ಕಡೆ ಕುಳಿತಿದ್ದ ತಮ್ಮ, ಮುಖ ಎತ್ತದೆಯೇ, ಸಾಲನ್ನು ಮುಂದುವರಿಸಿದರು. ಅಣ್ಣತಮ್ಮಂದಿರು ಎಂಟು ವರ್ಷದ ಮೇಲೆ ಒಂದೇ ಮಾತನ್ನು ಜೊತೆಗೆ ಆಡಿದ್ದು ಅದೇ ಮೊದಲು ಎಂದು ಸಿಸ್ಟರ್ ಆಮೇಲೆ ನಮಗೆ ಹೇಳಿದರು.

ಕೊನೆಯಲ್ಲಿ ತಳಕ್ಕೆ ಹತ್ತಿದ ಹೊಂಬಣ್ಣದ ಸೀಕು ಉಳಿಯುತ್ತದೆ. ಅದೇ ಎಲ್ಲಕ್ಕಿಂತ ರುಚಿ. ಫ್ರೆಂಚ್ ಮಾತಾಡುವ ಸ್ವಿಸ್ ಜನ ಅದನ್ನು 'ಸನ್ಯಾಸಿನಿ' ಎಂದು ಕರೆಯುತ್ತಾರಂತೆ. 'ತಳದಾಗ ಕುಂತು ಸುಟ್ಟುಕೊಂಡು ರುಚಿ ಆಗಾಕಿ' ಎಂದು ಸಿಸ್ಟರ್ ನಕ್ಕರು. ಅದನ್ನು ಕೆರೆದು ಮಕ್ಕಳಿಗೆ ಹಂಚಿದರು.

ಊರಿಗೆ ಮರಳಿದ ಮೇಲೆ ನಾವೂ ಮಾಡಿ ನೋಡಿದೆವು. ಮೊದಲ ಸಲ ಪನ್ನೀರಿನಿಂದ ಪ್ರಯತ್ನಿಸಿ ನಗೆಪಾಟಲಾದೆವು. ಹುಳಿ ಹಾಕಿ ಒಡೆಸಿದ ಪನ್ನೀರು ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಹೆಪ್ಪು ಹಾಕಿ ಮಾಗಿಸಿದ ಚೀಸೇ ಬೇಕು. ಗೌಡಾ, ಎಮ್ಮೆಂಟಾಲ್ ಚೀಸುಗಳು ಈಗ ನಮ್ಮ ದೇಶದಲ್ಲೇ ತಯಾರಾಗುತ್ತವೆ. ಹೈದರಾಬಾದ್, ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ. 'ಎಮ್ಮೆಂಟಾಲ್ ಅಂದ್ರ ಎಮ್ಮಿ ಹಾಲಿಂದೇನ್ರಿ ಫಾದರ್?' ಎಂದು ನಮ್ಮ ಪೀಠಬಾಲಕರು ಕೇಳಿದರು. ಅಲ್ಲ, ಎಮ್ಮೆ ಎಂಬುದು ಅಲ್ಲಿನ ಒಂದು ನದಿಯ ಹೆಸರು, ಹಾಲು ಹಸುವಿನದೇ!

ಆರು ಜನಕ್ಕೆ ಈ ಅಳತೆ ಸಾಕು: ಗೌಡಾ ಅಥವಾ ಎಮ್ಮೆಂಟಾಲ್ 400 ಗ್ರಾಂ, ಸಾಮಾನ್ಯ ಡಬ್ಬಿ ಚೀಸು 200 ಗ್ರಾಂ, ನೀರು 250 ಮಿಲಿ, ನಿಂಬೆರಸ 2 ದೊಡ್ಡ ಚಮಚ, ಕಾರ್ನ್‌ಫ್ಲೋರ್ 2 ದೊಡ್ಡ ಚಮಚ, ಅಡುಗೆ ಸೋಡಾ ಕಾಲು ಚಹಾ ಚಮಚ. ಮೊದಲು ನೀರಿಗೆ ನಿಂಬೆರಸ, ಸೋಡಾ ಹಾಕಿ. ಬುರುಗು ಬಂದು ಇಳಿಯಲಿ. ಅದರಿಂದ ಹುಟ್ಟುವ ಲವಣವೇ ಚೀಸನ್ನು ಒಡೆಯದಂತೆ ಕಾಪಾಡುವುದು. ತುರಿದ ಚೀಸಿಗೆ ಹಿಟ್ಟನ್ನು ಸವರಿ, ಸಣ್ಣ ಉರಿಯಲ್ಲಿ ಹಿಡಿಹಿಡಿಯಾಗಿ ಸೇರಿಸಿ. ಮಣ್ಣಿನ ಪಾತ್ರೆ ಇಲ್ಲದಿದ್ದರೆ ದಪ್ಪ ತಳದ ಸ್ಟೀಲ್ ಪಾತ್ರೆ ಆದೀತು. ಬೇರೆ ಕೆಲಸಕ್ಕೆಂದು ಎದ್ದು ಹೋಗಬೇಡಿ, ಅಷ್ಟೇ.

ಇನ್ನೊಂದು ಸಂಗತಿ. ಚೀಸನ್ನು ದ್ರಾಕ್ಷಾರಸದಲ್ಲಿ ಬೇಯಿಸುವ ವಿಧಾನ 1699ರ ಒಂದು ಜ್ಯೂರಿಚ್ ಅಡುಗೆ ಪುಸ್ತಕದಲ್ಲಿದೆ. ಆದರೂ ಫಾಂಡ್ಯು ಇಡೀ ದೇಶದ ಊಟವಾದದ್ದು 1930ರ ದಶಕದಲ್ಲಿ, ಅಲ್ಲಿನ ಚೀಸ್ ಒಕ್ಕೂಟ ಅದನ್ನು ಮನೆಮನೆಗೆ ಮುಟ್ಟಿಸಿದ ಮೇಲೆ. ಅಂದರೆ ಎಲ್ಲ ಸಂಪ್ರದಾಯವೂ ಅಜ್ಜನ ಅಜ್ಜನದೇ ಆಗಬೇಕಿಲ್ಲ. ನಾವು ಇಂದು ಶುರು ಮಾಡಿದ್ದು ಮೊಮ್ಮಕ್ಕಳಿಗೆ ಸಂಪ್ರದಾಯವಾದೀತು.

ಪವಿತ್ರ ಗ್ರಂಥದಲ್ಲಿಯೂ ರೊಟ್ಟಿ ಅದ್ದುವ ಎರಡು ಊಟಗಳಿವೆ. ಗಡಿಯಾಚೆಯ ಮೋವಾಬಿನಿಂದ ಬಂದ ರೂತಳನ್ನು ಬೋವಜನು ಕೂಲಿಯವರ ಪಂಕ್ತಿಗೆ ಕರೆದು, ಹುಳಿರಸದಲ್ಲಿ ರೊಟ್ಟಿ ಅದ್ದಿ ತಿನ್ನೆಂದು ಹೇಳಿದ್ದು ಒಂದು. ಪ್ರಭು ಯೇಸು ಕಡೆಯ ಭೋಜನದಲ್ಲಿ ತುತ್ತನ್ನು ಅದ್ದಿ ಯೂದನಿಗೆ ಕೊಟ್ಟದ್ದು ಇನ್ನೊಂದು. ಮೊದಲನೆಯದರಿಂದ ಹೊರಗಿನವಳು ಮನೆಯವಳಾದಳು. ಎರಡನೆಯದರಿಂದ ಯೂದನ ಮನಸ್ಸು ತಿರುಗಲಿಲ್ಲ. ಆದರೂ ಪ್ರಭು ಆ ತುತ್ತನ್ನು ಕೊಡದೆ ಬಿಡಲಿಲ್ಲ.

ಹಾಗಾದರೆ ನಾರಾಯಣಪೇಟೆಯ ಗೋಡೆ ಬಿದ್ದಿತೇ? ಇಲ್ಲ. ಕಾಪೆಲ್‌ನ ಶಾಂತಿಯೂ ಎರಡು ವರ್ಷ ಚಿಲ್ಲರೆ ಬಾಳಿತು ಅಷ್ಟೇ; 1531ರ ಅಕ್ಟೋಬರಿನಲ್ಲಿ ಅದೇ ಕಾಪೆಲ್‌ನಲ್ಲಿ ಯುದ್ಧವಾಗಿ ಜ್ವಿಂಗ್ಲಿಯೂ ಸತ್ತರು. ಒಂದು ಗಡಿಗೆಯ ಊಟದಿಂದ ಎಲ್ಲವೂ ಸರಿಹೋಗುವುದಾದರೆ ಜಗತ್ತಿನಲ್ಲಿ ಜಗಳವೇ ಇರುತ್ತಿರಲಿಲ್ಲ. ಉರಿ ಸಣ್ಣಗಿಟ್ಟು, ಸೌಟು ಬಿಡದೆ, ಒಡೆದರೆ ಮತ್ತೆ ಕೂಡಿಸುತ್ತ ಇರಬೇಕು. ಪಾಲಿನ ಕಾಗದಗಳ ಮಾತು ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಬಾಗಿಲಿನ ಚಿಲಕಗಳನ್ನು ಮಾತ್ರ ಹಗಲು ಹೊತ್ತು ಹಾಕುವುದಿಲ್ಲ, ಮಕ್ಕಳು ಓಡಾಡುತ್ತಾರೆ. ತಾಯಿಯ ಗಡಿಗೆ ಒಂದು ವಾರ ಈ ಕಡೆ, ಒಂದು ವಾರ ಆ ಕಡೆ.

ಮುಂದಿನ ಸಲ ನಾವು ಹೋದಾಗ ಊಟಕ್ಕೆ ನೇರವಾಗಿ ಅಣ್ಣನ ಕಡೆ ಕುಳಿತೆವು. ಗದ್ವಾಲಿನ ಸೊಸೆ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಾ, 'ಐದು ವರ್ಷ ಹಿಡೀತಲ್ರೀ ಫಾದರ್, ಈ ಕಡಿ ಉಣ್ಣಾಕ ಬರಾಕ' ಎಂದರು. ದನಿಯಲ್ಲಿ ಕೋಪವಿರಲಿಲ್ಲ. ನಮ್ಮಲ್ಲಿ ಉತ್ತರವಿರಲಿಲ್ಲ. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದೆವು.

ಪ್ರಿಯ ಓದುಗರೇ, ನಿಮ್ಮ ಓಣಿಯಲ್ಲಿ ಅಥವಾ ನಿಮ್ಮದೇ ಅಂಗಳದಲ್ಲಿ, ನೀವು ಈವರೆಗೆ ಉಣ್ಣದೆ ಬಿಟ್ಟ ಮನೆ ಯಾವುದು? ಚೀಸೇ ಬೇಕೆಂದಿಲ್ಲ. ಒಂದು ಗಡಿಗೆ ಸಾರು, ನಾಲ್ಕು ರೊಟ್ಟಿ ಸಾಕು. ಅದನ್ನು ಬಾಗಿಲಲ್ಲಿಟ್ಟು ಕರೆಯಿರಿ.